ಹಳ್ಳಕ್ಕೆ ಜಾಗ ಬಿಟ್ಟ ಊರು

ಟೊರಾಂಟೊಗೆ ಹೋಗಿಬಂದವರು ನಮ್ಮ ದಾವಣಗೆರೆಯಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ಟೊರಾಂಟೊ ನೋಡಿಬಂದವರು ಮಾತ್ರ ಅಪರೂಪ. ಮಗಳ ಬಾಣಂತನಕ್ಕೋ ಮಗನ ಹೊಸ ಮನೆಗೋ ಹೋಗುತ್ತಾರೆ, ಆರು ತಿಂಗಳು ಇದ್ದು ಬರುತ್ತಾರೆ. ಬಂದ ಮೇಲೆ ನಾವು ನೋಡಲು ಹೋದರೆ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತಾರೆ. ನಯಾಗರದ ಮುಂದೆ ಕೆಂಪು ಪ್ಲಾಸ್ಟಿಕ್ ಕೋಟು ತೊಟ್ಟು ಒದ್ದೆಯಾಗಿ ನಿಂತದ್ದು ಒಂದು, ಸಿ.ಎನ್. ಗೋಪುರದ ಕೆಳಗೆ ಕುತ್ತಿಗೆ ಎತ್ತಿ ನಿಂತದ್ದು ಇನ್ನೊಂದು. ಅಲ್ಲಿಗೆ ಊರು ಮುಗಿಯಿತು. ನಯಾಗರ ಇರುವುದು ಟೊರಾಂಟೊದಿಂದ ಸುಮಾರು 130 ಕಿಲೋಮೀಟರ್ ಆಚೆ. ದಾವಣಗೆರೆ ನೋಡಲು ಬಂದವರನ್ನು ಜೋಗಕ್ಕೆ ಕರೆದುಕೊಂಡು ಹೋಗಿ, ಹಾಗೆಯೇ ಬಸ್ಸು ಹತ್ತಿಸಿ ಕಳಿಸಿದಂತಾಯಿತು ಇದು.

ನಾನು ಸಮಾಜ ವಿಜ್ಞಾನದ ಮೇಷ್ಟರು. ಉತ್ತರ ಅಮೆರಿಕದ ನಕಾಶೆ ತೂಗುಹಾಕಿ ಐದು ಮಹಾಸರೋವರಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಒಂಟಾರಿಯೋ ಸರೋವರದ ಮೇಲುಗಡೆ ಒಂದು ಚುಕ್ಕೆ ಇರುತ್ತದೆ, ಅದೇ ಟೊರಾಂಟೊ. ಕೆನಡಾದ ರಾಜಧಾನಿ ಒಟ್ಟಾವ ಎಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ಆ ದೇಶದ ಅತಿ ದೊಡ್ಡ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಅಮೆರಿಕಕ್ಕೆ ಹೋಗುವವರು ನ್ಯೂಯಾರ್ಕ್ ನೋಡಬೇಕೆನ್ನುತ್ತಾರೆ, ಕೆನಡಾಕ್ಕೆ ಹೋಗುವವರು ಹಿಮದ ಬೆಟ್ಟ ನೋಡಬೇಕೆನ್ನುತ್ತಾರೆ. 2021ರ ಜನಗಣತಿಯಲ್ಲಿ 28 ಲಕ್ಷ ಜನರಿದ್ದ ಈ ಊರು ವಿಮಾನ ಇಳಿಯುವ ಜಾಗ ಎಂದಷ್ಟೇ ಎಣಿಕೆಗೆ ಬರುತ್ತದೆ.

ನಾನೂ ಹೋದದ್ದು ಬಾಣಂತನಕ್ಕೇ. 2024ರ ಏಪ್ರಿಲ್ ಕೊನೆಗೆ ಹೋಗಿ ಸೆಪ್ಟೆಂಬರಿನಲ್ಲಿ ಮರಳಿದೆ. ಹೋದ ಹೊಸದರಲ್ಲಿ ನನ್ನ ಪ್ರಪಂಚವೆಲ್ಲ ಒಂದು ಹಳೆಯ ಇಟ್ಟಿಗೆ ಮನೆಯ ಮೇಲಂತಸ್ತು. ಮಗುವಿಗೆ ಎಣ್ಣೆ ನೀರು, ಮಗಳಿಗೆ ಮೆಣಸಿನ ಸಾರು, ಅಂಟಿನುಂಡೆ, ಒಗೆದ ಬಟ್ಟೆ ಮಡಿಚುವುದು. ಅಳಿಯ ಕೆಲಸಕ್ಕೆ ಹೋದ ಮೇಲೆ, ಮಗು ಮಲಗಿ, ಮಗಳೂ ಮಲಗಿದರೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಹೋಗಿಬಂದ ಗೆಳತಿಯೊಬ್ಬಳು ಅದನ್ನು ಬಂಗಾರದ ಪಂಜರ ಎಂದು ಕರೆದಿದ್ದಳು. ಬಾಗಿಲು ತೆಗೆದು ಎದುರು ಮನೆಯವರನ್ನು ಮಾತನಾಡಿಸೋಣ ಎಂದರೆ ಅವರೂ ಇಲ್ಲ, ಅವರ ಭಾಷೆಯೂ ಗೊತ್ತಿಲ್ಲ. ಕಾರು ಓಡಿಸಲು ಬರದ ನಮ್ಮಂಥವರು ಶನಿವಾರ ಬರುವುದನ್ನೇ ಕಾಯಬೇಕು.

ನಮ್ಮ ಅಳಿಯ ಇದನ್ನು ಗಮನಿಸಿದರೆಂದು ಕಾಣುತ್ತದೆ. ಒಂದು ದಿನ ಒಂದು ಕಾರ್ಡು ತಂದು ಕೈಗಿಟ್ಟು, "ಅತ್ತೆ, ನಮ್ಮ ಕಾರಿಗೆ ಕಾಯಬೇಡಿ. ಟ್ರ್ಯಾಮ್ ಬೀದಿ ಕೊನೆಯಲ್ಲೇ ನಿಲ್ಲುತ್ತೆ. ಇದನ್ನ ಮುಟ್ಟಿಸಿ ಹತ್ತಿ, ಎರಡು ಗಂಟೆ ಹೊತ್ತು ಎಲ್ಲಿ ಬೇಕಾದರೂ ಇಳಿದು ಹತ್ತಬಹುದು" ಎಂದರು. ಒಂದು ಸಲಕ್ಕೆ ಮೂರು ಡಾಲರು ಚಿಲ್ಲರೆ. ನಮ್ಮ ರೂಪಾಯಿಗೆ ಗುಣಿಸಿ ಎದೆ ಒಡೆದುಕೊಳ್ಳುವ ಚಾಳಿಯನ್ನು ಮೊದಲ ವಾರವೇ ಬಿಟ್ಟಿದ್ದೆ.

ಆ ಟ್ರ್ಯಾಮಿನ ನಂಬರು 506. ಟೊರಾಂಟೊದಲ್ಲಿ ಒಂದೇ ಒಂದು ದಿನ ಕಳೆಯುವವರಿಗೂ ನಾನು ಹೇಳುವುದು ಇದನ್ನೇ: ಬೇರೆ ಏನನ್ನು ಬಿಟ್ಟರೂ 506ರಲ್ಲಿ ಪೂರ್ವದ ತುದಿಯಿಂದ ಪಶ್ಚಿಮದ ತುದಿಯವರೆಗೆ ಕಿಟಕಿ ಪಕ್ಕ ಕುಳಿತು ಹೋಗಿ. ಮೊದಲು ಜೆರಾರ್ಡ್ ಬೀದಿಯ ಇಂಡಿಯಾ ಬಜಾರು ಬರುತ್ತದೆ. 1972ರಲ್ಲಿ ಅಲ್ಲಿ ನಾಜ್ ಎಂಬ ಟಾಕೀಸು ಹಿಂದಿ ಸಿನಿಮಾ ಹಾಕಲು ಶುರುಮಾಡಿತು. ಸಿನಿಮಾಕ್ಕೆ ಬಂದವರಿಗಾಗಿ ಸೀರೆ ಅಂಗಡಿ, ಮಿಠಾಯಿ ಅಂಗಡಿ, ಪಾನ್ ಅಂಗಡಿ ಹುಟ್ಟಿಕೊಂಡವು. ಟಾಕೀಸು ಎಂದೋ ಮುಚ್ಚಿತು, ಬಜಾರು ಉಳಿಯಿತು. ಬಾಣಂತಿಗೆ ಬೇಕಾದ ಓಮ, ಒಣಶುಂಠಿ, ಅಂಟು ಎಲ್ಲವೂ ನನಗೆ ಸಿಕ್ಕಿದ್ದು ಆ ಬೀದಿಯಲ್ಲೇ. ಸ್ವಲ್ಪ ಮುಂದೆ ಹೋದರೆ ಚೀನೀಯರ ತರಕಾರಿ ಅಂಗಡಿಗಳು. ಆಮೇಲೆ ಡಾನ್ ಎಂಬ ನದಿಯ ಸೇತುವೆ. ಅದನ್ನು ದಾಟಿದರೆ ಹಳೆಯ ಕಾಲದ ಕೂಲಿಕಾರರ ಸಾಲುಮನೆಗಳು, ಅಲನ್ ಗಾರ್ಡನ್ಸ್ ಎಂಬ ಗಾಜಿನ ಗುಮ್ಮಟದ ತೋಟ. ಹೊರಗೆ ಮೈನಸ್ ಹದಿನೈದು ಡಿಗ್ರಿ ಇದ್ದರೂ ಒಳಗೆ ತಾಳೆ, ಬಾಳೆ ಬೆಳೆಯುತ್ತವೆ, ಪ್ರವೇಶ ಧರ್ಮಾರ್ಥ. ಮುಂದೆ ದೊಡ್ಡ ಆಸ್ಪತ್ರೆಗಳು, ವಿಶ್ವವಿದ್ಯಾಲಯ, ಇನ್ನೊಂದು ಚೈನಾಟೌನ್, ಇಟಲಿಯವರ ಬೀದಿ, ಪೋರ್ಚುಗೀಸರ ಬೇಕರಿಗಳು, ಪೋಲೆಂಡಿನವರ ಬಡಾವಣೆಯ ಅಂಚು. ಕೊನೆಗೆ ಹೈಪಾರ್ಕ್ ಎಂಬ ಕಾಡಿನಂಥ ಉದ್ಯಾನದ ಬಾಗಿಲಿಗೆ ತಂದು ಇಳಿಸುತ್ತದೆ. ಆಗಾಗ ರಸ್ತೆ ಅಗೆದು ದಾರಿ ಬದಲಿಸುವುದೂ ಉಂಟು. ಆ ವಿಷಯದಲ್ಲಿ ನಮಗೂ ಅವರಿಗೂ ವ್ಯತ್ಯಾಸವಿಲ್ಲ.

ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ನಾನು ಟೇಲರ್ ಕ್ರೀಕ್ ಎಂಬ ಹಳ್ಳದ ಕಡೆಗೆ ಹೋಗತೊಡಗಿದೆ. ಇದೊಂದು ವಿಚಿತ್ರ. ನಾಲ್ಕು ರಸ್ತೆ ಕೂಡುವ ಗದ್ದಲದ ಊರು, ಪಕ್ಕದಲ್ಲೇ ಒಂದು ಇಳಿಜಾರು ದಾರಿ. ಐದು ನಿಮಿಷ ಇಳಿದರೆ ಊರೇ ಮಾಯ. ತಲೆಯ ಮೇಲೆ ಮೇಪಲ್, ಓಕ್, ವಿಲ್ಲೋ ಮರಗಳ ಚಪ್ಪರ, ಕೆಳಗೆ ಕಲ್ಲುಗಳ ನಡುವೆ ಹರಿಯುವ ನೀರು, ಅಳಿಲು, ಹಕ್ಕಿ. ನಮ್ಮೂರಿನ ಬಿಸಿಲಿನಲ್ಲಿ, ಕುಂದವಾಡ ಕೆರೆ ಏರಿಯ ಮೇಲೆ ಸಂಜೆ ನಾಲ್ಕು ಹೆಜ್ಜೆ ನಡೆದರೇ ಪುಣ್ಯ ಎಂದುಕೊಳ್ಳುವ ನನಗೆ, ಇಷ್ಟು ದೊಡ್ಡ ಊರಿನ ಹೊಟ್ಟೆಯೊಳಗೆ ಇಷ್ಟು ತಂಪು ಹೇಗೆ ಉಳಿಯಿತು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಮೇಷ್ಟರ ಚಟ, ಪ್ರಶ್ನೆ ಹುಟ್ಟಿದರೆ ಉತ್ತರ ಸಿಗುವವರೆಗೆ ಸಮಾಧಾನವಿಲ್ಲ. ಹತ್ತಿರದ ಗ್ರಂಥಾಲಯಕ್ಕೆ ಹೋದೆ.

ಗ್ರಂಥಾಲಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ನಗರದಲ್ಲಿ ಸಾರ್ವಜನಿಕ ಗ್ರಂಥಾಲಯದ 100 ಶಾಖೆಗಳಿವೆ. ಒಳಗೆ ಹೋಗಿ ಕುಳಿತು ಓದಲು ಯಾರೂ ಏನೂ ಕೇಳುವುದಿಲ್ಲ. ನಾನು ಹೋಗುತ್ತಿದ್ದ ಶಾಖೆಯಲ್ಲಿ ಕನ್ನಡದ ಕಪಾಟು ಇರಲಿಲ್ಲ, ಅದೊಂದು ಕೊರಗು. ಹಸುಗೂಸುಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು, ಅಜ್ಜಿಯರು ಸುತ್ತ ಕುಳಿತು ಹಾಡು ಕಥೆ ಕೇಳುವ ಗಂಟೆಯೊಂದಿತ್ತು. ಅಲ್ಲಿ ನಾನು ನಮ್ಮ ಕೂಸಿಗೆ ಮೆಲ್ಲಗೆ ಕನ್ನಡದ ಹಾಡನ್ನೇ ಹೇಳುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ, ಅವರವರು ಅವರವರ ಭಾಷೆಯಲ್ಲಿ ಹೇಳಿಕೊಳ್ಳುತ್ತಿದ್ದರು.

ಅಲ್ಲಿ ಓದಿ ತಿಳಿದದ್ದು ಹೀಗೆ. ಟೊರಾಂಟೊ ಎಂಬ ಹೆಸರೇ ಆ ನೆಲದ ಮೂಲನಿವಾಸಿಗಳದು. ಮೊಹಾಕ್ ಭಾಷೆಯಲ್ಲಿ ನೀರಿನಲ್ಲಿ ಮರಗಳು ನಿಂತಿರುವ ಜಾಗ ಎಂದು ಅದರ ಅರ್ಥ ಹೇಳುತ್ತಾರೆ. ಮೀನು ಹಿಡಿಯಲು ನೀರಿನಲ್ಲಿ ಗೂಟ ನೆಡುತ್ತಿದ್ದ, ಉತ್ತರದ ಇನ್ನೊಂದು ಸರೋವರದ ಕಡೆಯ ಜಾಗದ ಹೆಸರು ಅದು. ಮುಂದೆ ಈ ಊರಿಗೆ ಅಂಟಿಕೊಂಡಿತು. ಊರಿನ ಉದ್ದಕ್ಕೂ ಡಾನ್, ಹಂಬರ್, ರೂಜ್ ಮುಂತಾದ ನದಿಗಳೂ ಅವುಗಳಿಗೆ ಸೇರುವ ಹಳ್ಳಗಳೂ ಆಳವಾದ ಕಣಿವೆಗಳನ್ನು ಕೊರೆದಿವೆ. ನಗರದ ನೆಲದಲ್ಲಿ ಶೇಕಡಾ 17ರಷ್ಟು ಈ ಕಣಿವೆಗಳೇ.

ಅವುಗಳಲ್ಲೂ ಒಂದು ಕಾಲಕ್ಕೆ ಮನೆ ಕಟ್ಟಿದ್ದರು. 1954ರ ಅಕ್ಟೋಬರ್ 15ರ ರಾತ್ರಿ ಹೇಝಲ್ ಎಂಬ ಚಂಡಮಾರುತ ಬಂತು. ಹಂಬರ್ ನದಿ ಉಕ್ಕಿ ದಂಡೆಯ ಮನೆಗಳನ್ನು ಜನರ ಸಮೇತ ಹೊತ್ತೊಯ್ದಿತು. ಆ ಪ್ರಾಂತದಲ್ಲಿ ಸತ್ತವರು 81 ಮಂದಿ. ಅವರಲ್ಲಿ 35 ಜನ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯವರು. ನೀರು ಇಳಿದ ಮೇಲೆ ಅವರು ಮಾಡಿದ ಕೆಲಸ ನನಗೆ ಮುಖ್ಯವೆನಿಸಿತು. ಹೊಳೆಯ ಪಾತ್ರದಲ್ಲಿ ಮತ್ತೆ ಮನೆ ಕಟ್ಟಿಸಲಿಲ್ಲ. 1957ರಲ್ಲಿ ಇದಕ್ಕೆಂದೇ ಒಂದು ಪ್ರಾಧಿಕಾರ ರಚಿಸಿದರು. ನೆರೆ ಬರುವ ನೆಲವನ್ನು ಕೊಂಡುಕೊಂಡು, ಅಲ್ಲಿ ಕಟ್ಟಡ ಬೇಡ ಎಂದು ಕಾನೂನು ಮಾಡಿ, ಅದನ್ನು ಉದ್ಯಾನ ಮಾಡಿದರು. ಮನೆಗಳು ಕೊಚ್ಚಿಹೋದ ಆ ಬೀದಿಯ ಜಾಗ ಇಂದು ರೇಮೋರ್ ಪಾರ್ಕ್. ನಾನು ಮೊಮ್ಮಗಳನ್ನು ತಳ್ಳಿಕೊಂಡು ಹೋಗುತ್ತಿದ್ದ ನೆರಳಿನ ಹಿಂದೆ 81 ಸಾವುಗಳಿದ್ದವು. ಆ ಹಸಿರು ತಾನಾಗಿ ಉಳಿದದ್ದಲ್ಲ, ಪೆಟ್ಟು ತಿಂದ ಮೇಲೆ ಜನ ನೆನಪಿಟ್ಟುಕೊಂಡದ್ದರಿಂದ ಉಳಿದದ್ದು.

ಅದರ ಬೆಲೆ ಏನೆಂಬುದು ನನ್ನ ಕಣ್ಣೆದುರೇ ತಿಳಿಯಿತು. 2024ರ ಜುಲೈ 16ರ ಬೆಳಿಗ್ಗೆ ಮಳೆ ಹಿಡಿಯಿತು. ತಿಂಗಳಿಡೀ ಸುರಿಯುವಷ್ಟು ಮಳೆ ಸುಮಾರು ಮೂರು ಗಂಟೆಯಲ್ಲಿ ಸುರಿಯಿತು. ಕಣಿವೆಯೊಳಗೇ ಹಾಕಿದ ದೊಡ್ಡ ಹೆದ್ದಾರಿಯೊಂದಿದೆ, ಡಾನ್ ವ್ಯಾಲಿ ಪಾರ್ಕ್‌ವೇ ಎಂದು, 1960ರ ದಶಕದಲ್ಲಿ ಮುಗಿಸಿದ್ದು. ಅದು ಹೊಳೆಯೇ ಆಗಿ ಕಾರುಗಳು ಮುಳುಗಿದವು. ಅನೇಕರ ನೆಲಮಾಳಿಗೆಗೂ ನೀರು ನುಗ್ಗಿತು. ನಾಲ್ಕು ದಿನ ಬಿಟ್ಟು ನಾನು ಟೇಲರ್ ಕ್ರೀಕಿಗೆ ಇಳಿದೆ. ಹುಲ್ಲೆಲ್ಲ ಒಂದೇ ದಿಕ್ಕಿಗೆ ಬಾಗಿ ಮಲಗಿತ್ತು, ಪೊದೆಗಳಲ್ಲಿ ಕಸ ಸಿಕ್ಕಿಕೊಂಡಿತ್ತು, ದಾರಿಯ ಮೇಲೆ ಕೆಸರು. ಹಳ್ಳ ಬಂದು, ತನ್ನ ಜಾಗದಲ್ಲಿ ಹರಡಿ, ಹೋಗಿತ್ತು. ಅಲ್ಲಿ ಕೊಚ್ಚಿಹೋಗಲು ಯಾರ ಮನೆಯೂ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ರಾಜಕಾಲುವೆ ಎಂದು ನಮ್ಮ ಹಿರಿಯರು ಹೆಸರಲ್ಲೇ ಗೌರವ ಕೊಟ್ಟಿದ್ದರು. ನಾವು ಅದರ ಮೇಲೆ ಸೈಟು ಮಾಡಿದೆವು.

ಮರಗಳ ವಿಷಯವೂ ಹೀಗೆಯೇ. 2018ರ ಲೆಕ್ಕದಲ್ಲಿ ಟೊರಾಂಟೊದಲ್ಲಿ ಸುಮಾರು 1 ಕೋಟಿ 15 ಲಕ್ಷ ಮರಗಳು, ತಲೆಗೆ ನಾಲ್ಕು ಬಂತು. ನಿಮ್ಮದೇ ಹಿತ್ತಲಿನ ಮರವಾದರೂ ಅದರ ಬೊಡ್ಡೆ 30 ಸೆಂಟಿಮೀಟರ್ ಅಡ್ಡಳತೆ ಮುಟ್ಟಿದ್ದರೆ ನಗರಸಭೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಮನೆ ಮುಂದಿನ ರಸ್ತೆಯ ಅಂಚಿನಲ್ಲಿ ಜಾಗವಿದ್ದು, ಮರ ಬೇಕೆಂದು ಬರೆದುಕೊಟ್ಟರೆ ಅವರೇ ಬಂದು ಉಚಿತವಾಗಿ ನೆಟ್ಟುಹೋಗುತ್ತಾರೆ. ಎಲೆ ಉದುರಿ ಕಸವಾಗುತ್ತದೆಂದು ಬೇವಿನ ಮರ ಕಡಿಸುವ ನಮ್ಮ ಬೀದಿಯ ಮಂದಿ ನೆನಪಾದರು. ಅವರ ಮನೆಯ ಮೇಪಲ್ ಎಲೆಗಳನ್ನು ನೋಡಿದರೆ, ನಮ್ಮ ಬೇವಿನದೊಂದು ಕಸವೇ!

ಹೈಪಾರ್ಕ್ ಕಥೆ ಇನ್ನೂ ಚೆನ್ನಾಗಿದೆ. ಜಾನ್ ಹೊವರ್ಡ್ ಎಂಬ ವಾಸ್ತುಶಿಲ್ಪಿ 1873ರಲ್ಲಿ ತನ್ನ ಜಮೀನನ್ನು ನಗರಕ್ಕೆ ಕೊಟ್ಟ. ಎಂದೆಂದಿಗೂ ಜನರಿಗೆ ಉಚಿತ ಉದ್ಯಾನವಾಗಿರಬೇಕು ಎಂಬುದು ಷರತ್ತು. ಇಂದು ಅದು ಸುಮಾರು 400 ಎಕರೆ. ಗಂಡ ಹೆಂಡತಿ ಇಬ್ಬರ ಸಮಾಧಿಯೂ ಅಲ್ಲೇ ಇದೆ. 1959ರಲ್ಲಿ ಟೋಕಿಯೋ ನಗರದ ಜನ ಕಳಿಸಿದ ಚೆರ್ರಿ ಗಿಡಗಳು ಅಲ್ಲಿ ಬೆಳೆದು ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೂಬಿಡುತ್ತವೆ. ನಾನು ಹೋದಾಗ ಹೂ ಉದುರಲು ಹತ್ತಿತ್ತು. ನೆಲವೆಲ್ಲ ಮಲ್ಲಿಗೆ ಚೆಲ್ಲಿದಂತೆ, ಘಮ ಮಾತ್ರ ಇಲ್ಲ.

ಇನ್ನು ಜನರ ಮಾತು. 2021ರ ಜನಗಣತಿಯಂತೆ ಟೊರಾಂಟೊದಲ್ಲಿರುವವರಲ್ಲಿ ನೂರಕ್ಕೆ 46ಕ್ಕೂ ಹೆಚ್ಚು ಜನ ಬೇರೆ ದೇಶದಿಂದ ವಲಸೆ ಬಂದವರು. ಕೆನಡಾದವರು ಮೊದಲಿನಿಂದಲೂ ಬಾಗಿಲು ತೆರೆದಿಟ್ಟವರಲ್ಲ ಎಂಬುದನ್ನೂ ಹೇಳಬೇಕು. 1923ರಿಂದ 1947ರವರೆಗೆ ಚೀನೀಯರು ಬರದಂತೆ ಕಾನೂನೇ ಇತ್ತು. 1933ರಲ್ಲಿ ಕ್ರಿಸ್ಟಿ ಪಿಟ್ಸ್ ಎಂಬ ಇದೇ ಊರಿನ ಉದ್ಯಾನದಲ್ಲಿ ಯಹೂದಿಗಳ ವಿರುದ್ಧ ದೊಡ್ಡ ಗಲಭೆ ನಡೆದಿತ್ತು. 1967ರಲ್ಲಿ ಓದು, ಕೆಲಸ, ಭಾಷೆ, ವಯಸ್ಸುಗಳಿಗೆ ಅಂಕ ಕೊಟ್ಟು ಆರಿಸುವ ಪದ್ಧತಿ ತಂದ ಮೇಲೆ ಊರಿನ ಮುಖ ಬದಲಾಯಿತು. ಕೆನ್ಸಿಂಗ್ಟನ್ ಮಾರುಕಟ್ಟೆಗೆ ಹೋದರೆ ಇದೆಲ್ಲ ಪದರ ಪದರವಾಗಿ ಕಾಣುತ್ತದೆ. ನೂರು ವರ್ಷದ ಹಿಂದೆ ಅದು ಯಹೂದಿಗಳ ಪೇಟೆ, ಅವರ ಪ್ರಾರ್ಥನಾ ಮಂದಿರ ಇನ್ನೂ ಇದೆ. ಆಮೇಲೆ ಪೋರ್ಚುಗೀಸರು ಬಂದರು, ಕೆರಿಬಿಯನ್ ದ್ವೀಪದವರು ಬಂದರು, ಚೀನಾದವರು ಬಂದರು. ಮನೆಯ ಮುಂದಿನ ಜಗುಲಿಯನ್ನೇ ಅಂಗಡಿ ಮಾಡಿಕೊಂಡಿದ್ದಾರೆ. ಸಂತೆಯಲ್ಲಿ ಬೆಳೆದ ನಮಗೆ ಅಲ್ಲಿ ಏನೂ ಹೊಸದೆನಿಸುವುದಿಲ್ಲ, ಅದೇ ಅದರ ಚಂದ.

ಹಳ್ಳದ ದಾರಿಯ ಬೆಂಚಿನ ಮೇಲೆ ನನಗೊಬ್ಬ ಗೆಳತಿ ಸಿಕ್ಕರು. ಜಾಫ್ನಾದ ತಮಿಳರು, ನನಗಿಂತ ಹತ್ತು ವರ್ಷ ಹಿರಿಯರು. ನನ್ನ ಕುಂಕುಮ ನೋಡಿ ಅವರೇ ಮಾತನಾಡಿಸಿದರು. ಅವರ ತಮಿಳಿಗೂ ನನ್ನ ಕನ್ನಡಕ್ಕೂ ಮಧ್ಯೆ ಒಂದಿಷ್ಟು ಇಂಗ್ಲಿಷ್ ಹಾಕಿ ಸೇತುವೆ ಕಟ್ಟಿಕೊಂಡೆವು. 1983ರ ಗಲಭೆಯ ಮೇಲೆ ಊರು ಬಿಟ್ಟವರು ಅವರ ಮನೆಯವರು. ಮನೆಯ ಮುಂದೆ ಎರಡು ನುಗ್ಗೆ ಮರ ಇದ್ದವು ಎಂದು ಮೂರು ಸಲ ಹೇಳಿದರು. ಮನೆಯ ಬಗ್ಗೆ ಹೇಳಲಿಲ್ಲ. "ನಿಮ್ಮ ಮಗಳು ಬೇಕಾಗಿ ಬಂದಳು, ನಾವು ಬೇಡವಾಗಿ ಬಂದೆವು. ಈ ಊರು ಇಬ್ಬರನ್ನೂ ಕೂರಿಸಿಕೊಂಡಿದೆ" ಎಂದರು. ನಾನು ಮಗುವಿನ ಗಾಡಿಯನ್ನು ಮೆಲ್ಲಗೆ ತೂಗುತ್ತ ಸುಮ್ಮನೆ ಕುಳಿತೆ. ಮಗಳು ದೂರ ಹೋದಳೆಂದು ಒಳಗೇ ಇಟ್ಟುಕೊಂಡಿದ್ದ ನನ್ನ ದುಃಖದ ತೂಕ ಆ ಹೊತ್ತು ನನಗೆ ಸರಿಯಾಗಿ ಗೊತ್ತಾಯಿತು.

ಎಲ್ಲವೂ ಸ್ವರ್ಗವೆಂದು ಹೇಳುತ್ತಿಲ್ಲ. ಮನೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಮಗಳು ಅಳಿಯ ಇಬ್ಬರೂ ದುಡಿದರೂ ಸ್ವಂತ ಮನೆ ಕನಸೇ. ಅಷ್ಟು ಚಂದದ ಉದ್ಯಾನಗಳ ಮೂಲೆಯಲ್ಲಿ ಮನೆಯಿಲ್ಲದವರು ಡೇರೆ ಹಾಕಿಕೊಂಡಿದ್ದನ್ನೂ ನೋಡಿದೆ. ಚಳಿಗಾಲದಲ್ಲಿ ನಮ್ಮಂಥವರು ಹೋಗಿ ಮಾಡುವುದೇನೂ ಇಲ್ಲ. ಆದರೂ ಆ ಊರಿನ ಜನಕ್ಕೆ ತಮ್ಮ ಊರು ಹೇಗಿರಬೇಕೆಂದು ಹೇಳುವ ಧೈರ್ಯವಿದೆ. ಊರನ್ನು ಸೀಳಿಕೊಂಡು ಹೋಗಬೇಕಿದ್ದ ಸ್ಪಡೈನಾ ಎಂಬ ಹೆದ್ದಾರಿಯನ್ನು ಜನ ವಿರೋಧಿಸಿ 1971ರಲ್ಲಿ ನಿಲ್ಲಿಸಿದರು. ಮುಂದಾಳುಗಳಲ್ಲಿ ಒಬ್ಬಾಕೆ ಜೇನ್ ಜೇಕಬ್ಸ್. ವಿಯೆಟ್ನಾಂ ಯುದ್ಧಕ್ಕೆ ಮಕ್ಕಳನ್ನು ಕಳಿಸಲೊಪ್ಪದೆ 1968ರಲ್ಲಿ ನ್ಯೂಯಾರ್ಕ್ ಬಿಟ್ಟು ಈ ಊರಿಗೆ ಬಂದ ತಾಯಿ. ಆಕೆಯೂ ವಲಸೆ ಬಂದವಳೇ. ಆಕೆಯ ನೆನಪಿನಲ್ಲಿ 2007ರಿಂದ ಮೇ ತಿಂಗಳ ಮೊದಲಲ್ಲಿ ಬಡಾವಣೆಯ ಜನರೇ ತಮ್ಮ ಬೀದಿಗಳನ್ನು ತೋರಿಸುತ್ತ ನಡೆಯುತ್ತಾರೆ, ಯಾರು ಬೇಕಾದರೂ ಹೋಗಬಹುದು.

ಹೊರಡಲು ಹದಿನೈದು ದಿನವಿದ್ದಾಗ ಮಗಳು, "ಅಮ್ಮ, ಕೆಲಸ ಬಿಟ್ಟು ಇಲ್ಲೇ ಇದ್ದುಬಿಡು. ಅಲ್ಲಿ ಒಬ್ಬಳೇ ಏನು ಮಾಡ್ತೀಯ?" ಎಂದಳು. ಅಂದು ನಾವಿಬ್ಬರೂ ಮಗುವಿನೊಂದಿಗೆ ದೋಣಿ ಹತ್ತಿ ದ್ವೀಪಕ್ಕೆ ಹೋಗಿದ್ದೆವು. ಸರೋವರದಲ್ಲಿ ಹದಿನೈದು ನಿಮಿಷದ ಹಾದಿ. 1858ರ ಬಿರುಗಾಳಿಗೆ ಮುಂಚೆ ಅದು ದ್ವೀಪವಾಗಿರಲಿಲ್ಲ, ದಡಕ್ಕೆ ಅಂಟಿಕೊಂಡ ಮರಳಿನ ನಾಲಿಗೆಯಾಗಿತ್ತು. ಅಲ್ಲಿ ಜನ ಕಾರು ತರುವಂತಿಲ್ಲ. ಮರದ ಕೆಳಗೆ ಹಾಸಿಕೊಂಡು ಚಪಾತಿ, ಚಟ್ನಿಪುಡಿ ತಿಂದೆವು. ನಾನು ಹೇಳಿದೆ: "ಬರೋ ಹೊತ್ತಿಗೆ ನಿನ್ನನ್ನ ಇಲ್ಲಿಂದ ಹೊರಡಿಸಿಕೊಂಡು ಹೋಗೋದು ಹೇಗೆ ಅಂತ ಯೋಚಿಸ್ತಿದ್ದೆ. ಈಗ ಆ ಯೋಚನೆ ಇಲ್ಲ. ನನ್ನ ಮಕ್ಕಳು ಶಾಲೇಲಿ ಕಾಯ್ತಿದಾರೆ, ನಾನು ಹೋಗ್ತೀನಿ. ಇವಳ ಜೊತೆ ಮಾತ್ರ ಮನೇಲಿ ಕನ್ನಡವೇ ಆಡು. ಇಲ್ಲಿ ಅದಕ್ಕೆ ಯಾರೂ ಅಡ್ಡ ಬರೋಲ್ಲ, ಅಡ್ಡ ಬಂದರೆ ನಮ್ಮ ಸೋಮಾರಿತನವೇ." ಅವಳು ಅತ್ತಳು, ನಾನೂ ಅತ್ತೆ. ಸಂಜೆಯ ದೋಣಿಗೆ ಸಾಲು ಉದ್ದವಿತ್ತು.

ಈಗ ನಮ್ಮ ಬೀದಿಯಿಂದ ಮತ್ತೊಬ್ಬರು ಬಾಣಂತನಕ್ಕೆ ಅದೇ ಊರಿಗೆ ಹೊರಟಿದ್ದಾರೆ. ಏನೇನು ಒಯ್ಯಬೇಕೆಂದು ಕೇಳಲು ಬಂದಿದ್ದರು. ಬಾಣಂತಿ ಸಾಮಾನು ಅಲ್ಲೇ ಸಿಗುತ್ತದೆ, ಪೆಟ್ಟಿಗೆ ಭಾರ ಮಾಡಿಕೊಳ್ಳಬೇಡಿ, ನಡೆಯಲು ಒಂದು ಗಟ್ಟಿ ಬೂಟು ಇಟ್ಟುಕೊಳ್ಳಿ ಎಂದೆ. ಮೇನಿಂದ ಅಕ್ಟೋಬರ್ ಒಳಗೆ ಇದ್ದು ಬನ್ನಿ, ಅಕ್ಟೋಬರಿನಲ್ಲಿ ಮೇಪಲ್ ಎಲೆ ಕೆಂಪಾಗುತ್ತದಂತೆ, ನನಗೆ ನೋಡಲಾಗಲಿಲ್ಲ. ನಯಾಗರಕ್ಕೆ ಒಂದು ದಿನ ಹೋಗಿಬನ್ನಿ, ಬೇಡವೆನ್ನುವುದಿಲ್ಲ. ಉಳಿದ ದಿನ ಟ್ರ್ಯಾಮ್ ಕಾರ್ಡನ್ನು ಮಗನಿಂದ ಕೇಳಿ ಇಸಿದುಕೊಳ್ಳಿ. ಮನೆಯ ವಿಳಾಸ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು ಒಬ್ಬರೇ ಹತ್ತಿ. ಕಾಗದ ಪೆನ್ಸಿಲು ತರಿಸಿ 506ರ ದಾರಿಯನ್ನು ಗೀಟು ಹಾಕಿ ತೋರಿಸಿಕೊಟ್ಟೆ. ಟೇಲರ್ ಕ್ರೀಕಿನ ಬೆಂಚು ಎಲ್ಲಿದೆ ಎಂದೂ ಒಂದು ಗುರುತು ಹಾಕಿದ್ದೇನೆ. ಆ ಜಾಫ್ನಾದ ಅಕ್ಕ ಸಿಕ್ಕರೆ ನಾನು ಕೇಳಿದೆನೆಂದು ಹೇಳುತ್ತಾರೆ.